ನಟ್ಟನಡುವಿನ ಕೆಂಪಯ್ಯ

ಅಳ್ನಾವರ ಜಂಕ್ಷನ್‌ನಲ್ಲಿ ದಾಂಡೇಲಿ ಕಡೆಯ ಹಳಿ ಲೋಂಡಾ ಮಾರ್ಗದಿಂದ ಕವಲೊಡೆಯುತ್ತದೆ. ಗಾಡಿ ತನ್ನ ಹಳಿ ಹಿಡಿದು ಹೋದರೆ ಹಳಿ ಜೋಡಿಸಿಕೊಟ್ಟ ಪಾಯಿಂಟ್ಸ್‌ಮನ್ ಯಾರೆಂದು ಒಬ್ಬರೂ ಕೇಳುವುದಿಲ್ಲ. ಹಳಿ ತಪ್ಪಿದರೆ ಎಲ್ಲರಿಗೂ ಅವನೇ ಬೇಕು. ಫುಟ್‌ಬಾಲ್‌ನಲ್ಲಿ ಹಾಫ್ ಬ್ಯಾಕ್‌ನ ಪಾಡೂ ಇದೇ.

1956ರ ನವೆಂಬರ್ 1ರಂದು ಅಳ್ನಾವರ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿತು. ಮೂರು ಗೋಲು ಹೊಡೆದ ನೆವಿಲ್ ಡಿಸೋಜ ಮನೆಮಾತಾದರು. ಅದೇ ತಂಡದಲ್ಲಿ ಮೈಸೂರಿನ ಹಾಫ್ ಬ್ಯಾಕ್ ಎಂ. ಕೆಂಪಯ್ಯ ಇದ್ದರು. ಅಳ್ನಾವರದ ಮಂದಿಗೆ ಅವರು 'ನಮ್ಮ ರಾಜ್ಯದವರು' ಆಗಿ ಆಗಿನ್ನೂ ಒಂದೇ ತಿಂಗಳು!

ಹಾಫ್ ಬ್ಯಾಕ್‌ಗೆ ಎರಡು ಕೆಲಸ. ಎದುರಾಳಿಯ ಕಾಲಿನಿಂದ ಚೆಂಡು ಕಸಿಯಬೇಕು. ಕಸಿದದ್ದನ್ನು ತನ್ನ ಮುನ್ಪಡೆಗೆ ಮುಟ್ಟಿಸಬೇಕು. ಹಿಂದೆ ಉಳಿದರೆ ದಾಳಿ ಸೊರಗುತ್ತದೆ, ಮುಂದೆ ನುಗ್ಗಿದರೆ ಬೆನ್ನ ಹಿಂದೆ ಬಯಲು. ಮೈಸೂರಿಗೆ ಈ ಆಟ ಹೊಸದಾಗಿರಲಿಲ್ಲ. 1946–47 ಮತ್ತು 1952–53ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಮೈಸೂರಿನ ಪಾಲಾಗಿತ್ತು. ಕೆಂಪಯ್ಯನವರ ಆಟಕ್ಕೆ ಕೋಲ್ಕತ್ತವೂ ಮನಸೋತಿತು. ಅಲ್ಲಿನ ಮೋಹನ್ ಬಾಗಾನ್ ಕ್ಲಬ್‌ಗೆ ಅವರು ಆಡಿದರು.

ಅವರಿಗಿಂತ ಹಿಂದಿನ ತಲೆಮಾರು ಬಹುಮಟ್ಟಿಗೆ ಬರಿಗಾಲಲ್ಲೇ ಆಡಿತ್ತು. 1948ರ ಜುಲೈ 31ರಂದು ಒಲಿಂಪಿಕ್ಸ್‌ನಲ್ಲಿ, ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ, ಭಾರತದ ಎದುರಾಳಿ ಫ್ರಾನ್ಸ್. ಗೋಲು ಕಾಯ್ದವರು ಬೆಂಗಳೂರಿನ ವರದರಾಜ್, ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿದವು. ಸಮಬಲದಲ್ಲಿದ್ದ ಪಂದ್ಯವನ್ನು ಫ್ರಾನ್ಸ್ 89ನೇ ನಿಮಿಷದಲ್ಲಿ 2–1 ಮಾಡಿಕೊಂಡಿತು. ನಾಲ್ಕು ವರ್ಷದ ಬಳಿಕ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ಬಡಿದಾಗ ಬರಿಗಾಲಿನ ಕಾಲ ಮುಗಿಯಿತು. ಮೆಲ್ಬರ್ನ್‌ಗೆ ಹೋದದ್ದು ಬೂಟು ಕಟ್ಟಿದ ತಂಡ. ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯದ ಎದುರು ಮೊದಲ ಗೋಲು ಭಾರತದ್ದೇ, ಸೋತದ್ದು 4–1ರಿಂದ. ಕೊನೆಗೆ ನಾಲ್ಕನೆಯ ಸ್ಥಾನ ಸಿಕ್ಕಿತು.

1960ರ ರೋಮ್ ಒಲಿಂಪಿಕ್ಸ್ ತಂಡಕ್ಕೂ ಕೆಂಪಯ್ಯ ಆಯ್ಕೆಯಾದರು. ತರಬೇತುದಾರ ಹೈದರಾಬಾದಿನ ರಹೀಮ್ ಸಾಹೇಬರು. ಗ್ರೊಸೆಟೊದಲ್ಲಿ ಮತ್ತೆ ಫ್ರಾನ್ಸ್ ಎದುರಾಯಿತು. ನಾಯಕ ಪಿ.ಕೆ. ಬ್ಯಾನರ್ಜಿಯವರ ಗೋಲಿನಿಂದ ಭಾರತ ಮುಂದಿತ್ತು, ಇಲ್‌ಫರ್ಡ್‌ನ ಬಾಕಿ ತೀರುವುದರಲ್ಲಿತ್ತು. ಆದರೆ 82ನೇ ನಿಮಿಷದಲ್ಲಿ ಕ್ವಾಂಸೊನ್ ಚೆಂಡನ್ನು ಬಲೆಗೆ ಸೇರಿಸಿದರು. ಪಂದ್ಯ 1–1.

ಇಂದಿಗೂ ಆ ಪಂದ್ಯದ ದಾಖಲೆ ತೆರೆದರೆ ಬ್ಯಾನರ್ಜಿಯ ಹೆಸರಿದೆ, ಕ್ವಾಂಸೊನ್ ಹೆಸರೂ ಇದೆ. ಫ್ರಾನ್ಸಿಗೆ ಗೋಲು ದಕ್ಕದ ಮೊದಲ 81 ನಿಮಿಷಗಳ ಎದುರಿಗೆ ಮಾತ್ರ ಯಾರ ಹೆಸರೂ ಇಲ್ಲ.