ರೋಗಿಯ ಗುಟ್ಟು ಮತ್ತು ಶಾಸನದ ರಕ್ಷೆ

ರೋಗಿಯು ವೈದ್ಯನಲ್ಲಿ ಹೇಳಿಕೊಂಡ ಮಾತು ಹೊರಬೀಳಬಾರದೆಂಬುದು ಪ್ರಾಚೀನವಾದ ನಿಯಮ. ಆದರೆ ಸಂಶೋಧಕನು ರೋಗಿಗಿತ್ತ ಭಾಷೆಯನ್ನು ಮುರಿಯುವಂತೆ ನ್ಯಾಯಾಸ್ಥಾನವೇ ಆಜ್ಞಾಪಿಸಿದರೆ ಗತಿಯೇನು? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಶಾಸನಗಳಿತ್ತ ಉತ್ತರವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮಾದಕವಸ್ತುಗಳ ಚಟಕ್ಕೊಳಗಾದವರು ಸೆರೆಮನೆಯ ಭಯದಿಂದ ನಿಜವನ್ನು ನುಡಿಯರು. ನಿಜವು ದೊರೆಯದೆ ಸಂಶೋಧನೆ ಸಾಗದು. ಆದಕಾರಣ, ಅಧಿಕಾರಪತ್ರ ಪಡೆದ ಸಂಶೋಧಕರು ಅಂಥವರ ಗುರುತನ್ನು ಯಾವ ನ್ಯಾಯಾಸ್ಥಾನಕ್ಕೂ ತಿಳಿಸಬೇಕಾಗಿಲ್ಲವೆಂದು 1970ರ ಶಾಸನವು ವಿಧಿಸಿತು. ಅದರ ಬಲವು ಬೇಗನೆ ಪರೀಕ್ಷೆಗೊಳಗಾಯಿತು. 1972ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಕೊಲೆ ನಡೆಯಿತು. ಕೊಲೆಗಾರನನ್ನು ಮೆಥಡೋನ್ ಚಿಕಿತ್ಸಾಲಯದಲ್ಲಿ ಕಂಡುದಾಗಿ ಸಾಕ್ಷಿಯು ಹೇಳಲು, ಅಲ್ಲಿಯ ರೋಗಿಗಳ ಭಾವಚಿತ್ರಗಳನ್ನು ಒಪ್ಪಿಸಬೇಕೆಂದು ನಿರ್ದೇಶಕರಾದ ಡಾ. ರಾಬರ್ಟ್ ನ್ಯೂಮನ್ನರಿಗೆ ಆಜ್ಞೆಯಾಯಿತು. ಅವರು ನಿರಾಕರಿಸಿದರು, 30 ದಿನಗಳ ಸೆರೆವಾಸವು ವಿಧಿಸಲ್ಪಟ್ಟಿತು. 1973ರಲ್ಲಿ ಆ ರಾಜ್ಯದ ಪರಮೋಚ್ಚ ನ್ಯಾಯಾಸ್ಥಾನವು ಅದನ್ನು ರದ್ದುಗೊಳಿಸಿ ಅವರ ಪಕ್ಷವನ್ನೇ ಎತ್ತಿಹಿಡಿಯಿತು.

ಕೊಲೆಯ ತನಿಖೆಗೆ ಅಡ್ಡಿಯಾದುದು ಅಲ್ಪ ಸಂಗತಿಯಲ್ಲ. ಆದರೆ ಭಾವಚಿತ್ರಗಳು ಪೊಲೀಸರ ಕೈಸೇರಿದ್ದರೆ ಇತರ ರೋಗಿಗಳು ಚಿಕಿತ್ಸೆಗೆ ಬರಲು ಹಿಂಜರಿಯುತ್ತಿದ್ದರೆಂಬುದನ್ನೂ ನಾವು ಮರೆಯಲಾಗದು.

ಈ ರಕ್ಷೆಯು 1974ರಲ್ಲಿ ಮಾನಸಿಕ ಆರೋಗ್ಯದ ಸಂಶೋಧನೆಗೂ, 1988ರಲ್ಲಿ ಆರೋಗ್ಯ ಸಂಶೋಧನೆಯ ಇತರ ಕ್ಷೇತ್ರಗಳಿಗೂ ವಿಸ್ತರಿಸಿತು. ಆದರೂ ಗುಟ್ಟನ್ನು ಕಾಯುವುದು ಸಂಶೋಧಕನ ಅಧಿಕಾರ ಮಾತ್ರವಾಗಿತ್ತು; ಅವನೇ ಮನಸ್ಸುಮಾಡಿ ಹೊರಗೆಡಹಿದರೆ ತಡೆಯಿರಲಿಲ್ಲ. 2016ರ ಶಾಸನವು ಈ ಕೊರತೆಯನ್ನು ನೀಗಿಸಿತು. ಅಂದಿನಿಂದ, ಕೆಲವು ವಿನಾಯಿತಿಗಳನ್ನುಳಿದು, ರೋಗಿಯ ಸಮ್ಮತಿಯಿಲ್ಲದೆ ಗುಟ್ಟನ್ನು ಬಿಟ್ಟುಕೊಡದಿರುವುದು ಸಂಶೋಧಕನ ಕರ್ತವ್ಯವೇ ಆಗಿದೆ. ಸಂಶೋಧಕನನ್ನು ಕಾಯಲು ಹುಟ್ಟಿದ ಶಾಸನವು ಹೀಗೆ ರೋಗಿಯನ್ನೇ ಕಾಯುವ ಶಾಸನವಾಯಿತೆಂದು ನಾವು ಭಾವಿಸುತ್ತೇವೆ.