ಶಿವನಸಮುದ್ರದ ಜಹಗೀರುದಾರ

ಕಾವೇರಿಯ ಪ್ರವಾಹದ ಸುದ್ದಿ ರೇಡಿಯೋದಲ್ಲಿ ಬಂದಾಗಲೆಲ್ಲ ಕೊಳ್ಳೇಗಾಲದ ಕಡೆಯ ಕೆಲವು ಊರುಗಳ ಹೆಸರು ನಿಮ್ಮ ಕಿವಿಗೆ ಬಿದ್ದಿರಬೇಕು: ಮುಳ್ಳೂರು, ದಾಸನಪುರ, ಹರಳೆ. ಇವು ನದಿಯ ದಂಡೆಯ ಊರುಗಳು. ಮೇಲಿನ ಅಣೆಕಟ್ಟುಗಳು ತುಂಬಿ ನೀರು ಬಿಟ್ಟರೆ ಇಲ್ಲಿ ಮೊದಲು ಮುಳುಗುವುದು ಗದ್ದೆ, ಆಮೇಲೆ ಬೀದಿ. 2018ರಲ್ಲಿ ಹಾಗೆ ಬಂದ ನೀರು ಕೆಳಗೆ ಹರಿದು ಶಿವನಸಮುದ್ರದ ಹಳೆಯ ಕಲ್ಲುಸೇತುವೆಯ ಒಂದು ಭಾಗವನ್ನೂ ಕಿತ್ತುಕೊಂಡು ಹೋಯಿತು. ಸುಮಾರು ಇನ್ನೂರು ವರ್ಷ ನಿಂತಿದ್ದ ಸೇತುವೆ ಅದು. ಅದನ್ನು ಕಟ್ಟಿಸಿದವರು ಯಾರೆಂದು ಕೇಳಿದರೆ ಬಹಳ ಮಂದಿ ‘ಬ್ರಿಟಿಷರು’ ಎಂದುಬಿಡುತ್ತಾರೆ. ವೆಲ್ಲೆಸ್ಲಿ ಸೇತುವೆ ಎಂಬ ಹೆಸರೇ ಹಾಗೆ ನುಡಿಸುತ್ತದೆ. ಜನರ ಬಾಯಲ್ಲಿ ಅದು ಸವೆದು ‘ವೆಸ್ಲಿ ಸೇತುವೆ’ಯೂ ಆಗಿದೆ. ಆದರೆ ಕಟ್ಟಿಸಿದವರು ಇಂಗ್ಲಿಷರಲ್ಲ. ತಿರುಚಿನಾಪಳ್ಳಿಯ ರಾಮಸ್ವಾಮಿ ಮುದಲಿಯಾರ್ ಎಂಬ ವಲಸಿಗರು.

ಪರವೂರಿನಿಂದ ಬಂದವರೊಬ್ಬರು ತಮ್ಮದಲ್ಲದ ನದಿಗೆ ಹಣ ಸುರಿದದ್ದೇಕೆ? ಇದು ತಿಳಿಯಬೇಕಾದರೆ ಆ ಕಾಲದ ಗಡಿಗಳನ್ನು ಸ್ವಲ್ಪ ನೆನೆಯಬೇಕು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ರಾಜ್ಯವನ್ನು ಹಂಚಿದರಷ್ಟೆ. ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಿಗೆ ಬಂದು ಕೊಯಮತ್ತೂರು ಜಿಲ್ಲೆಗೆ ಸೇರಿತು. ಆಚೆ ದಡದ ಮಳವಳ್ಳಿ ಮೈಸೂರಿನಲ್ಲೇ ಉಳಿಯಿತು. ಎರಡು ದಡದಲ್ಲೂ ಆಡುವ ಮಾತು ಕನ್ನಡವೇ. ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ ಬೇರೆ. 1956ರ ನವೆಂಬರ್ 1ರವರೆಗೂ ಕೊಳ್ಳೇಗಾಲ ಮದರಾಸಿನ ಕಡೆಗೇ ಇತ್ತು ಎಂಬುದು ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದೀತು.

ಕಂಪನಿಯ ದಂಡು ಮೈಸೂರು ಸೀಮೆಗೆ ಬಂದಾಗ ಅದರ ಹಿಂದೆಯೇ ತಮಿಳುನಾಡಿನಿಂದ ದುಬಾಷಿಗಳು, ಲೆಕ್ಕಿಗರು, ಸರಕು ಒದಗಿಸುವ ವರ್ತಕರು ಬಂದರು. ಬೆಂಗಳೂರಿನ ದಂಡುಪೇಟೆಯನ್ನು ಬೆಳೆಸಿದವರಲ್ಲಿ ಇವರದು ದೊಡ್ಡ ಪಾಲು. ರಾಮಸ್ವಾಮಿ ಮುದಲಿಯಾರರು ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ನಂಬಿಕೆಯ ನೌಕರರಾಗಿದ್ದವರು. ಅಂಗಡಿಯ ವರ್ತಕರೆಂದು ಅವರನ್ನು ಕರೆಯಲಾಗದು. ಆದರೆ ಬಂಡವಾಳ ಹೂಡಿ ಪಾಳುಭೂಮಿಯನ್ನು ಬೆಲೆಯುಳ್ಳ ಆಸ್ತಿಯಾಗಿಸುವ ಕಣ್ಣು ವರ್ತಕರ ಕಣ್ಣೇ.

ಅವರ ಕಣ್ಣು ಬಿದ್ದದ್ದು ಶಿವನಸಮುದ್ರದ ದ್ವೀಪದ ಮೇಲೆ. ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು, ಒಂದು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ನಡುವಣ ದ್ವೀಪ ಒಂದು ಕಾಲಕ್ಕೆ ಉಮ್ಮತ್ತೂರಿನ ಪಾಳೆಯಗಾರ ಗಂಗರಾಜನ ಕೋಟೆಯಾಗಿತ್ತು. ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸದರಲ್ಲಿ ಅದನ್ನು ಗೆದ್ದುಕೊಂಡನು. ಆಮೇಲೆ ಊರು ಹಾಳುಬಿದ್ದಿತು, ಹಳೆಯ ಸೇತುವೆಗಳು ಕುಸಿದವು, ಕಾಡು ಬೆಳೆಯಿತು. ಉಳಿದದ್ದು ದೇವಾಲಯಗಳು. ಶ್ರೀರಂಗಪಟ್ಟಣದ ಆದಿರಂಗ, ಇಲ್ಲಿಯ ಮಧ್ಯರಂಗ, ಶ್ರೀರಂಗದ ಅಂತ್ಯರಂಗ ಎಂದು ಭಕ್ತರು ಮೂವರನ್ನೂ ಒಟ್ಟಿಗೆ ನೆನೆಯುವುದು ನಿಮಗೆ ಗೊತ್ತೇ ಇದೆ. ಅಂತ್ಯರಂಗನ ಶ್ರೀರಂಗವು ತಿರುಚಿನಾಪಳ್ಳಿಯ ಮಗ್ಗುಲಲ್ಲೇ ಇದೆ. ಆ ಊರಿನವರಿಗೆ ಮಧ್ಯರಂಗನ ದ್ವೀಪ ತೀರ ಹೊರಗಿನದೆಂದು ಅನ್ನಿಸಿರಲಾರದು. ಇದು ನನ್ನ ಊಹೆ ಅಷ್ಟೆ.

ದ್ವೀಪವನ್ನು ಮತ್ತೆ ಬಾಳುವ ನೆಲವಾಗಿ ಮಾಡಬೇಕಾದರೆ ಮೊದಲು ದಾರಿ ಬೇಕು. ಮುದಲಿಯಾರರು ಸುಮಾರು 1820ರಿಂದ ಮೊದಲುಮಾಡಿ ಎರಡು ಕವಲುಗಳಿಗೂ ಸೇತುವೆಗಳನ್ನು ಕಟ್ಟಿಸಿದರು. ಒಂದಕ್ಕೆ ವೆಲ್ಲೆಸ್ಲಿಯ ಹೆಸರು. ಇನ್ನೊಂದಕ್ಕೆ 1827ರಿಂದ 1832ರವರೆಗೆ ಮದರಾಸಿನ ಗವರ್ನರಾಗಿದ್ದ ಲುಷಿಂಗ್ಟನ್ನರ ಹೆಸರು. ಹಣ ತಮ್ಮದು, ಹೆಸರು ದೊರೆಗಳದು! ಅಂದಿನ ರೀತಿ ಹಾಗಿತ್ತು. ಜಲಪಾತ ನೋಡಲು ಬರುವ ಪ್ರಯಾಣಿಕರಿಗೆಂದು ಬಂಗಲೆಯನ್ನೂ ಕಟ್ಟಿಸಿದರು.

ಈ ಸೇತುವೆಯನ್ನು ನೀವು ನೋಡಿದ್ದರೆ ಒಂದು ಸಂಗತಿ ಗಮನಕ್ಕೆ ಬಂದಿರುತ್ತದೆ: ಇದರಲ್ಲಿ ಕಮಾನುಗಳಿಲ್ಲ. ಇದು ನೀರಿನ ಮೇಲೆ ಉದ್ದಕ್ಕೆ ಎಳೆದ ದೇವಸ್ಥಾನದ ಮಂಟಪದಂತಿದೆ. ನದಿಯ ತಳ ಬಂಡೆಯಾದ್ದರಿಂದ ಅದರಲ್ಲೇ ಕಲ್ಲುಕಂಬಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ ಹಾಸಿದ್ದಾರೆ. ಕಂಬಗಳ ನಡುವೆ ನೀರು ನುಸುಳಿ ಹೋಗುತ್ತದೆ; ಪ್ರವಾಹ ಬಂದರೆ ಸೇತುವೆಯ ನೆತ್ತಿಯ ಮೇಲೇ ಹರಿಯುತ್ತದೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಸೇತುವೆಯೂ ಇದೇ ಕ್ರಮದ್ದು. ಅದಕ್ಕೂ ವೆಲ್ಲೆಸ್ಲಿಯದೇ ಹೆಸರಾದ್ದರಿಂದ ಒಂದರ ಕಥೆಯನ್ನು ಇನ್ನೊಂದಕ್ಕೆ ಹಚ್ಚುವವರೂ ಇದ್ದಾರೆ. ಕಲ್ಲು ಕಡಿದವರು, ಬೇಸಿಗೆಯ ತೆಳುನೀರಿನಲ್ಲಿ ನಿಂತು ಕಂಬ ಎತ್ತಿದವರು ಈ ನಾಡಿನ ಕೆಲಸಗಾರರು. ಅವರ ಹೆಸರು ಯಾವ ಸೇತುವೆಗೂ ಬರಲಿಲ್ಲ.

ಈ ವೆಚ್ಚಕ್ಕೆ ಪ್ರತಿಯಾಗಿ ಕಂಪನಿ ಸರ್ಕಾರ ಮುದಲಿಯಾರರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನಿತ್ತಿತು. ಬರಿಯ ಬಿರುದಲ್ಲ, ನದಿಯ ಎರಡು ಕಡೆಯ ಸರ್ಕಾರಗಳೂ, ಅಂದರೆ ಕಂಪನಿಯೂ ಮೈಸೂರೂ, ಅವರಿಗೆ ಗ್ರಾಮಗಳನ್ನು ಜಹಗೀರಾಗಿ ಬಿಟ್ಟುಕೊಟ್ಟವು. ಎರಡು ದೊರೆತನಗಳಿಗೆ ಒಂದೇ ದಾರಿ ಉಪಕಾರವಾಯಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಜಹಗೀರೆಂದರೆ ಏನು? ಆ ಊರಿನ ರೈತ ಸರ್ಕಾರಕ್ಕೆ ಕೊಡುತ್ತಿದ್ದ ಕಂದಾಯ ಇನ್ನು ಮುಂದೆ ಜಹಗೀರುದಾರನ ಮನೆಗೆ ಸಲ್ಲುವುದು. ಹರಿಗೋಲಿಗೆ ಕಾಯದೆ ನದಿ ದಾಟುವ ಸೌಕರ್ಯ ದಾರಿಹೋಕನಿಗೆ ಬಿಟ್ಟಿಯಾಗಿ ಸಿಕ್ಕಿತು. ಅದರ ಬೆಲೆಯನ್ನು ವರ್ಷವರ್ಷವೂ ತೆತ್ತವನು ಜಹಗೀರಿನ ರೈತ. ಹೀಗಾಗಿ ಇದನ್ನು ಬರಿಯ ಧರ್ಮಕಾರ್ಯ ಎನ್ನುವವರೊಡನೆ ನಾನು ಪೂರ್ತಿ ಒಪ್ಪಲಾರೆ. ಲಾಭಕೋರತನ ಎಂದು ತಳ್ಳಿಹಾಕುವವರೊಡನೆಯೂ ಒಪ್ಪಲಾರೆ. ಲಾಭವನ್ನಷ್ಟೇ ನೋಡುವವನು ಹುಚ್ಚು ಹೊಳೆಯ ನಡುವೆ ಮೊದಲು ಹಣ ಹಾಕಿ, ಬಹುಮಾನಕ್ಕೆ ಆಮೇಲೆ ಕಾಯುತ್ತಿರಲಿಲ್ಲ.

ಇವರ ನೆರೆಯಲ್ಲೇ ಇನ್ನೊಂದು ಜಹಗೀರಿತ್ತೆಂಬುದನ್ನು ಮರೆಯಬಾರದು. 1807ರಲ್ಲಿ ಯಳಂದೂರನ್ನು ಪಡೆದ ಪೂರ್ಣಯ್ಯನವರೂ ಕೊಯಮತ್ತೂರಿನ ಕಡೆಯಿಂದ ಬಂದವರೇ. ಚಿಕ್ಕಂದಿನಲ್ಲಿ ಶೆಟ್ಟರ ಅಂಗಡಿಯಲ್ಲಿ ಲೆಕ್ಕ ಬರೆದು ಮೇಲೆ ಬಂದವರು. ಯಳಂದೂರಿನಲ್ಲಿ ಜಹಗೀರುದಾರರ ಬಂಗಲೆಯನ್ನು ಇಂದಿಗೂ ತೋರಿಸುತ್ತಾರೆ. ಮುಂದಿನ ತಲೆಮಾರಿನಲ್ಲಿ ಬೆಂಗಳೂರಿನ ದಂಡಿನಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು ವ್ಯಾಪಾರದಿಂದ ಮೇಲೆ ಬಂದು, 1868ರಲ್ಲಿ ಮುಗಿದ ಅಠಾರ ಕಚೇರಿಯ ಕಟ್ಟಡದ ಕಂಟ್ರಾಕ್ಟು ಹಿಡಿದರು. 1873ರಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದರು. ಅವರು ಗಳಿಸಿದ್ದು ಶಾಲೆಯ ಫಲಕದ ಮೇಲೆ ಉಳಿಯಿತು. ಶಿವನಸಮುದ್ರದ ಮುದಲಿಯಾರರು ಕಟ್ಟಿದ ದಾರಿಯ ಮೇಲೆ ಬೇರೆಯವರ ಹೆಸರು ನಿಂತಿತು.

ಜಹಗೀರು ಇನಾಮುಗಳೆಲ್ಲ ಸ್ವಾತಂತ್ರ್ಯಾನಂತರದ ಕಾನೂನುಗಳಿಂದ ಹೋದವು. 1902ರಲ್ಲಿ ಇದೇ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಂದಿನಿಂದ ಶಿವನಸಮುದ್ರವೆಂದರೆ ಜನರಿಗೆ ವಿದ್ಯುತ್ತೇ ಮೊದಲು ನೆನಪಾಗುತ್ತದೆ. ವಾಹನಗಳು ಈಗ ಹೊಸ ಸೇತುವೆಯ ಮೇಲೆ ಓಡುತ್ತವೆ. ಮುಂದಿನ ಬೇಸಿಗೆಯಲ್ಲಿ ನೀವು ಭರಚುಕ್ಕಿಗೆ ಹೋದರೆ ಬಸ್ಸಿನ ಕಿಟಕಿಯಿಂದ ಹಳೆಯದರ ಕಡೆಗೂ ನೋಡಿ. ನೀರು ಇಳಿದಿದ್ದರೆ ಕಂಬಗಳ ಬುಡ, ಅವು ಕುಳಿತ ಬಂಡೆ, ಎರಡೂ ಕಾಣುತ್ತವೆ.