ಸಂಬಳದಲ್ಲಿ ಮುರಿದುಕೊಳ್ಳಬೇಕಾದ ಹತ್ತು ಸಾವಿರ

ಲಕ್ನೋದ ಗೋಮತಿ ನಗರದಲ್ಲಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ಲಾಟರಿ ಎತ್ತಿ ಹಂಚಿದ ಫ್ಲ್ಯಾಟು ಅದು. ಹೆಸರು ಬಂದ ವ್ಯಕ್ತಿ 1988ರಲ್ಲಿ ಪೂರ್ತಿ ಹಣ ಕಟ್ಟಿದರು, ನೋಂದಣಿಯೂ ಆಯಿತು. ಮನೆ ಮಾತ್ರ ಕೈಗೆ ಬರಲಿಲ್ಲ. ಕಟ್ಟಡದ ಕೆಲಸವೇ ಮುಗಿದಿರಲಿಲ್ಲ. ಅವರು ಗ್ರಾಹಕರ ವೇದಿಕೆಗೆ ಹೋದರು. ಪ್ರಾಧಿಕಾರ ಸುಪ್ರೀಂ ಕೋರ್ಟಿನವರೆಗೂ ಪಟ್ಟು ಬಿಡಲಿಲ್ಲ: ಮನೆ ಸ್ಥಿರಾಸ್ತಿ, ಅದು ಸರಕೂ ಅಲ್ಲ ಸೇವೆಯೂ ಅಲ್ಲ, 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ತನಗೆ ತಾಗುವುದಿಲ್ಲ ಎಂದಿತು.

ಈ ವಾದ ಗೆದ್ದಿದ್ದರೆ ಮಿಕ್ಸಿ ಕೊಂಡವನಿಗೆ ಇದ್ದ ರಕ್ಷಣೆ ಮನೆ ಕೊಂಡವನಿಗೆ ಇರುತ್ತಿರಲಿಲ್ಲ. 1993ರ ಜೂನ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ ಕಾಯ್ದೆಯ 'ಸೇವೆ'ಗಳ ಪಟ್ಟಿಗೆ ಮನೆ ನಿರ್ಮಾಣ ಸೇರಿತು. ಅದೇ ವರ್ಷ ನವೆಂಬರ್ 5ರಂದು ತೀರ್ಪು ಬಂತು. ಮನೆ ಕಟ್ಟಿಕೊಡುವುದು ಮೊದಲಿನಿಂದಲೂ ಸೇವೆಯೇ, ತಿದ್ದುಪಡಿ ಅದನ್ನು ಸ್ಪಷ್ಟಪಡಿಸಿತಷ್ಟೇ ಎಂದು ನ್ಯಾಯಮೂರ್ತಿ ಆರ್.ಎಂ. ಸಹಾಯ್ ಬರೆದರು.

ವಕೀಲರು ಇಂದಿಗೂ ಉಲ್ಲೇಖಿಸುವುದು ಈ ಭಾಗವನ್ನು. ನನ್ನನ್ನು ಹಿಡಿದು ನಿಲ್ಲಿಸಿದ್ದು ತೀರ್ಪಿನ ಕೊನೆ. ಮಾನಸಿಕ ಹಿಂಸೆಗೆಂದು ರಾಷ್ಟ್ರೀಯ ಗ್ರಾಹಕ ಆಯೋಗ ಕೊಡಿಸಿದ್ದು 10,000 ರೂಪಾಯಿ. ಪ್ರಾಧಿಕಾರ ಅದನ್ನು ಕಟ್ಟಿದರೆ ಆ ಹೊರೆ ಬೀಳುವುದು ಸಾರ್ವಜನಿಕರ ಮೇಲೆ, ಆದ್ದರಿಂದ ಸತಾಯಿಸಿದ ಅಧಿಕಾರಿಗಳು ಯಾರೆಂದು ಆರು ತಿಂಗಳಲ್ಲಿ ಗುರುತಿಸಿ ಅವರವರ ಸಂಬಳದಿಂದ ವಸೂಲು ಮಾಡಿ ಎಂದು ಕೋರ್ಟು ಹೇಳಿತು. ಮೊತ್ತ ಸಣ್ಣದು. ಆದರೆ ಕಡತದ ಹಿಂದೆ ಕೂತ ಮನುಷ್ಯನ ಜೇಬಿಗೇ ಕೈ ಹಾಕಿದ ಆದೇಶ ಅದು.

ನಮ್ಮ ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಮಾರುವವರಿಗೆ 1972ರಲ್ಲೇ ಒಂದು ಕಾಯ್ದೆ ಇತ್ತು, ಅದರ ಹೆಸರು ಕೇಳಿದ ಕೊಳ್ಳುವವರೇ ಕಡಿಮೆ. ಬಿಲ್ಡರುಗಳ ಕಾಲ ಶುರುವಾದ ಮೇಲೆ ಜಗಳ ಕರಾರುಪತ್ರದೊಳಗೆ ಸೇರಿಕೊಂಡಿತು. 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಗುರುಗ್ರಾಮದ ಪಯೋನೀರ್ ಎಂಬ ಬಿಲ್ಡರ್ ಕಂಪನಿಯ ಪ್ರಕರಣದ ಕರಾರು ನೋಡಿ. ಕೊಳ್ಳುವವನು ಕಂತು ತಡಮಾಡಿದರೆ ಶೇ 18 ಬಡ್ಡಿ. ಬಿಲ್ಡರ್ ಮನೆ ಕೊಡದಿದ್ದರೆ, ಹೆಚ್ಚುವರಿ ಗಡುವು ಮುಗಿದ ಮೇಲೂ 12 ತಿಂಗಳು ಕಾಯಬೇಕು, ಆಮೇಲೆ 90 ದಿನದ ನೋಟಿಸು, ಹಣ ವಾಪಸಿಗೆ ಮತ್ತೆ 90 ದಿನ. ಅದಕ್ಕೂ ತಡವಾದರೆ ಮಾತ್ರ ಶೇ 9 ಬಡ್ಡಿ. ಚುಕ್ಕೆ ಹಾಕಿದ ಗೆರೆಯ ಮೇಲೆ ಸಹಿ ಮಾಡದೆ ಬೇರೆ ದಾರಿಯೇ ಇಲ್ಲದವನನ್ನು ಇಂಥ ಕರಾರಿನಿಂದ ಕಟ್ಟಿಹಾಕುವಂತಿಲ್ಲ ಎಂದಿತು ಕೋರ್ಟು. ಮರುವರ್ಷ ನಮ್ಮ ಬೆಂಗಳೂರಿನ ಬೇಗೂರಿನ ಡಿಎಲ್‌ಎಫ್ ಯೋಜನೆಯ 339 ಖರೀದಿದಾರರಲ್ಲಿ ಬಹುತೇಕರು ಗೆದ್ದರು. ವಿಳಂಬಕ್ಕೆ ಕರಾರಿನಲ್ಲಿದ್ದ ಪರಿಹಾರ ಚದರಡಿಗೆ ತಿಂಗಳಿಗೆ 5 ರೂಪಾಯಿ. ಅಂದರೆ 1,500 ಚದರಡಿಯ ಮನೆಗೆ 7,500. ಬಾಡಿಗೆ, ಇಎಂಐ ಎರಡನ್ನೂ ಕಟ್ಟುತ್ತಿರುವ ಕುಟುಂಬಕ್ಕೆ ಅದು ಯಾವ ಮೂಲೆಗೆ? ಕೋರ್ಟು ಅದರ ಜೊತೆಗೆ, ಖರೀದಿದಾರರು ಕಟ್ಟಿದ್ದ ಹಣಕ್ಕೆ ಶೇ 6 ಬಡ್ಡಿಯನ್ನೂ ಕೊಡಿಸಿತು.

ಅಷ್ಟರಲ್ಲಿ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಬಂದಿತ್ತು. ಕರ್ನಾಟಕ ತನ್ನ ನಿಯಮಗಳನ್ನು 2017ರ ಜುಲೈನಲ್ಲಿ ಹೊರಡಿಸಿತು. ಕರಾರು ನೋಂದಣಿಯಾಗುವ ಮುನ್ನ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ, ಖರೀದಿದಾರರಿಂದ ಬಂದ ಹಣದಲ್ಲಿ ಶೇ 70 ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿರಬೇಕು, ಬೆಲೆ ಕಟ್ಟುವುದು ಕಾರ್ಪೆಟ್ ಏರಿಯಾಕ್ಕೆ, ಏಜೆಂಟರಿಗೂ ನೋಂದಣಿ ಕಡ್ಡಾಯ. ಬಡ್ಡಿ ಎರಡೂ ಕಡೆಗೆ ಒಂದೇ. ಹಳೆಯ ಕರಾರುಗಳನ್ನು ಓದಿದವರಿಗೆ ಈ ಕೊನೆಯ ಸಾಲಿನ ಬೆಲೆ ಗೊತ್ತು.

ಆದರೆ ಗೋಮತಿ ನಗರದ ಆದೇಶದ ಮೊನೆ ಇದರಲ್ಲಿಲ್ಲ. ಬಿಲ್ಡರ್ ಹಣ ಕೊಡದಿದ್ದರೆ ಅದನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಬೇಕು. ಹಾಗಾಗಿ ರೇರಾದಲ್ಲಿ ಗೆದ್ದ ಖರೀದಿದಾರ ಆದೇಶ ಹಿಡಿದು ಮತ್ತೆ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ತಹಶೀಲ್ದಾರರ ಬಳಿಗೆ ಅಲೆಯುತ್ತಾನೆ. ವಸೂಲಿ ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತವರ ಸಂಬಳ ಮುಟ್ಟುವ ಕಲಮು ರೇರಾದಲ್ಲಿ ಇಲ್ಲ. 1993ರಲ್ಲಿ ಕೋರ್ಟು ತೋರಿಸಿಕೊಟ್ಟ ಈ ದಾರಿಯನ್ನು ಸಂಸತ್ತು ಕಾಯ್ದೆಗೆ ಸೇರಿಸಬೇಕಿತ್ತು, ಈಗಲಾದರೂ ಸೇರಿಸಬೇಕು.